ಲಿಂಗನ್‌ಬೆರಿ ಪಾತಿಗೆ ಬೂದಿ

ಇವತ್ತು ಬೆಳಿಗ್ಗೆ ಗೊಜ್ಜಿಗೆಂದು ಸಾಸಿವೆ ಸಿಡಿಸಿ, ಹಿಡಿಯಷ್ಟು ಲಿಂಗನ್‌ಬೆರಿ ಸುರಿದೆ. ಹಣ್ಣು ಪಟಪಟ ಒಡೆದು ಹುಳಿ ಘಾಟು ಮೂಗಿಗೆ ಹತ್ತಿದ್ದೇ ತಡ, ಕೆಳಮನೆಯ ಅಜ್ಜಿ ನೆನಪಾದರು.

ಆಗ ನಾವು ಜರ್ಮನಿಯ ಎರ್ಲಾಂಗೆನ್‌ಗೆ ಬಂದು ಎರಡು ವರ್ಷವಾಗಿತ್ತು. ನಾವು ಮೇಲಿನ ಮನೆಯಲ್ಲಿ, ಕೆಳಗೆ ಅವರೊಬ್ಬರೇ. ಹಿತ್ತಲಿನ ಒಂದು ಪಾತಿ ತುಂಬ ಲಿಂಗನ್‌ಬೆರಿ. ಗೇಣುದ್ದದ ಗಿಡ, ಕೆಂಪು ಮಣಿಯಂಥ ಹಣ್ಣು. ಅಜ್ಜಿಯ ತೀರಿಕೊಂಡ ಗಂಡ ನೆಟ್ಟಿದ್ದಂತೆ. ಹಣ್ಣನ್ನು ಅವರು ಒಲೆಯ ಮೇಲೆ ಇಡುತ್ತಲೇ ಇರಲಿಲ್ಲ. ಸಕ್ಕರೆ ಹಾಕಿ, ಅದು ಕರಗುವ ತನಕ ಮರದ ಸೌಟಿನಲ್ಲಿ ತಿರುವಿ ತಿರುವಿ ಬಾಟಲಿಗೆ ತುಂಬುವರು. ವರ್ಷವಾದರೂ ಕೆಡುತ್ತಿರಲಿಲ್ಲ. ಅದೇ ಹಣ್ಣಿಗೆ ನಾನು ಬೆಲ್ಲ, ಒಣಮೆಣಸಿನಕಾಯಿ ಹಾಕಿ ಗೊಜ್ಜು ಮಾಡಿಕೊಟ್ಟರೆ, ಕಣ್ಣಲ್ಲಿ ನೀರು ಸುರಿಸಿಕೊಂಡೇ ಬಟ್ಟಲು ಖಾಲಿ ಮಾಡುತ್ತಿದ್ದರು.

ಒಂದು ಬೇಸಿಗೆಯಲ್ಲಿ ಮಂಡಿ ಆಪರೇಷನ್‌ಗೆ ಹೋಗುವಾಗ ಪಾತಿಯನ್ನು ನನಗೆ ಒಪ್ಪಿಸಿದರು. ಇಲ್ಲಿನ ನಲ್ಲಿ ನೀರಿನಲ್ಲಿ ಸುಣ್ಣ ಜಾಸ್ತಿ, ಈ ಗಿಡಕ್ಕೆ ಹುಳಿ ಮಣ್ಣೇ ಆಗಬೇಕು, ಪೀಪಾಯಿಯ ಮಳೆನೀರು ಮಾತ್ರ ಹಾಕಿ ಎಂದು ಮೂರು ಸಲ ಹೇಳಿದರು. ಮಳೆನೀರನ್ನೇ ಹಾಕಿದೆ. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ ನಾನು! ಮೈಸೂರಿನಲ್ಲಿ ಅಮ್ಮ ಕರಿಬೇವು, ಬದನೆ, ಮಲ್ಲಿಗೆ ಎಲ್ಲದರ ಬುಡಕ್ಕೂ ಒಲೆಯ ಬೂದಿ ಹಾಕುತ್ತಿದ್ದಳು. ಅಜ್ಜಿ ಬರುವಷ್ಟರಲ್ಲಿ ಗಿಡ ನಳನಳಿಸಲಿ ಅಂತ ನನ್ನ ಅತಿಬುದ್ಧಿ. ಹಿತ್ತಲಿನ ಗ್ರಿಲ್ ಒಲೆಯಲ್ಲಿ ಉಳಿದಿದ್ದ ಕಟ್ಟಿಗೆ ಬೂದಿಯನ್ನು ಒಂದು ಡಬ್ಬ ತುಂಬ ತಂದು ಉದುರಿಸಿದೆ. ಬೂದಿಯೂ ಸುಣ್ಣದ ಜಾತಿಯದೇ ಎಂದು ಹೊಳೆಯಲೇ ಇಲ್ಲ. ಐದು ವಾರದಲ್ಲಿ ಎಲೆಯೆಲ್ಲ ಹಳದಿಯಾಗಿ, ಅರ್ಧ ಪಾತಿ ಒಣಗಿಹೋಯಿತು...

ಊರುಗೋಲು ಹಿಡಿದು ಬಂದ ಅಜ್ಜಿ ಪಾತಿಯ ಮುಂದೆ ನಿಂತರು. ಏನಾಯಿತು ಎಂದು ಕೇಳಿದರು. ಈ ಸಲ ಬಿಸಿಲು ವಿಪರೀತ ಅಂದುಬಿಟ್ಟೆ. ಹೆದರಿಕೆ, ನಾಚಿಕೆ ಎರಡೂ ಇತ್ತು.

"ಹೋಗಿ ನಿಜ ಹೇಳ್ಬಿಡೇ, ಅವರೇನು ನಿನ್ನ ತಿಂದ್ಬಿಡ್ತಾರಾ?" ಎಂದು ನನ್ನ ಗಂಡ ಗೊಣಗುತ್ತಿದ್ದರು. ನನ್ನ ಜರ್ಮನ್ ಇನ್ನೂ ಸಾಲದು, ಸರಿಯಾಗಿ ಕಲಿತ ಮೇಲೆ ಹೇಳುತ್ತೇನೆ ಎಂದು ನಾನು ಮುಂದೂಡುತ್ತಲೇ ಇದ್ದೆ.

ಮುಂದಿನ ವಸಂತದಲ್ಲಿ ಅಜ್ಜಿ ಆ ಮಣ್ಣನ್ನೆಲ್ಲ ತೆಗೆಸಿದರು. ಅವರು ಕುರ್ಚಿಯಲ್ಲಿ ಕೂತು ತೋರಿಸುವರು, ನಾನು ಅಗೆಯುವೆ. ಬೂದಿ ಹಿಡಿದ ಹೆಂಟೆ ಸಿಕ್ಕಾಗಲೆಲ್ಲ ಬೇಗ ಬೇಗ ಬಕೆಟ್ಟಿಗೆ ಎಸೆದು ಮುಚ್ಚುತ್ತಿದ್ದೆ. ಮಣ್ಣು ಮತ್ತೆ ಹುಳಿಯಾಗಲೆಂದು ಕಾಡಿನಿಂದ ಪೈನ್ ಮರದ ಸೂಜಿ ಎಲೆ ಹೊತ್ತು ತಂದು ಹಾಸಿದೆ. ಬದುಕುಳಿದ ಗಿಡಗಳು ನಿಧಾನಕ್ಕೆ ಚಿಗುರಿದವು.

ಎರಡು ವರ್ಷದ ಮೇಲೆ ಅವರು ಮನೆ ಬಿಟ್ಟು ಬಾನ್ ನಗರದಲ್ಲಿದ್ದ ಮಗಳ ಹತ್ತಿರ ಹೊರಟರು. ಹೊರಡುವ ದಿನ ಕುಂಡದಲ್ಲಿ ಒಂದು ಸಸಿ ತಂದು ನನ್ನ ಕೈಗಿತ್ತರು.

"ಮಳೆನೀರು ಮಾತ್ರ ಹಾಕಿ," ಎಂದರು. ಆಮೇಲೆ ನನ್ನ ಕೈ ತಟ್ಟಿ, ಮೆಲ್ಲಗೆ, "ಬೂದಿ ಬೇಡ."

ಆಗಲಾದರೂ ಕ್ಷಮಿಸಿ ಅನ್ನಬಹುದಿತ್ತು. ಆಯ್ತು ಅಂದೆ, ಅಷ್ಟೇ.

ಅಜ್ಜಿ ತೀರಿಕೊಂಡರೆಂದು ಮೊನ್ನೆ ಚಳಿಗಾಲದಲ್ಲಿ ಮಗಳು ಪತ್ರ ಬರೆದಿದ್ದರು. ಕುಂಡದ ಗಿಡ ನಮ್ಮ ಬಾಲ್ಕನಿಯಲ್ಲಿ ಚೆನ್ನಾಗಿಯೇ ಇದೆ, ಪಕ್ಕದಲ್ಲೇ ಮಳೆನೀರಿಗೊಂದು ಬಕೆಟ್. ಇವತ್ತಿನ ಹಣ್ಣು ಅದರದೇ. ಗೊಜ್ಜು ಆರಲು ಇಟ್ಟು, ಹಳೆಯ ಅಭ್ಯಾಸಕ್ಕೆ ಅಜ್ಜಿಗೆಂದು ಒಂದು ಬಟ್ಟಲಿಗೆ ಬೇರೆಯಾಗಿ ತೆಗೆದಿಟ್ಟೆ. ಆಗ ನನಗೆ ಜರ್ಮನ್ ಬರುವುದಿಲ್ಲ ಎನ್ನುವ ನೆಪವಿತ್ತು. ಈಗ ನೆಪವೂ ಇಲ್ಲ, ಅಜ್ಜಿಯೂ ಇಲ್ಲ.