ಬೀಳದೆ ನಿಂತಿದ್ದ ಮನೆ

ನಾನು ಚಿಕ್ಕವಳಿದ್ದಾಗ, ನಿಮ್ಮಷ್ಟೇ ಇದ್ದಾಗ, ನಮ್ಮ ಮನೆ ಬಿದ್ದುಹೋಯಿತೆಂದು ಒಂದು ಮಳೆಗಾಲವಿಡೀ ಅತ್ತಿದ್ದೆ. ಬಿದ್ದದ್ದನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಬಿದ್ದೇ ಇರುತ್ತದೆ ಎಂದು ಅಪ್ಪ ಹೇಳಿದ್ದ. ಅಪ್ಪ ಹೇಳಿದ ಮೇಲೆ ಮುಗಿಯಿತು, ಮರುಮಾತಿಲ್ಲ.

ನಮ್ಮದು ಭಾಲ್ಕಿ ತಾಲ್ಲೂಕಿನ ಮೆಹಕರದಲ್ಲಿ ಮುತ್ತಜ್ಜ ಕಟ್ಟಿಸಿದ ಮನೆ. ದಪ್ಪ ಕಲ್ಲಿನ ಗೋಡೆ, ಸಾಗುವಾನಿ ಕಂಬ, ಮೇಲೆ ಮಣ್ಣಿನ ಮಾಳಿಗೆ. ಹೊರಗೆ ಬಿಸಿಲು ಕೆಂಡ ಕಾರುತ್ತಿದ್ದರೂ ಒಳಗೆ ತಣ್ಣಗಿರುತ್ತಿತ್ತು, ಜೋಳದ ಮತ್ತು ವಿಭೂತಿಯ ವಾಸನೆ ಬರುತ್ತಿತ್ತು. ಆದರೆ ಅಂಥ ಮನೆಗಳಿಗೆ ಬಹಳ ಹಟ. ಪ್ರತಿ ವರ್ಷ ಮಳೆಗೆ ಮುಂಚೆ ಮಾಳಿಗೆಯ ಮೇಲೆ ನೀರಿಳಿಯಗೊಡದ ಕರಲು ಮಣ್ಣು ಹರವಿ, ನೀರು ಚಿಮುಕಿಸಿ, ತುಳಿದು ಗಟ್ಟಿ ಮಾಡಬೇಕು. ಒಂದು ವರ್ಷ ಮರೆತರೂ ನೀರು ಒಳಗಿಳಿದು ತೊಲೆ ಕೊಳೆತು ಮಾಳಿಗೆ ಕುಸಿದು ಕೂತುಬಿಡುತ್ತದೆ.

ಆ ವರ್ಷ ಮಣ್ಣು ಹಾಕಲು ನಾವು ಊರಲ್ಲೇ ಇರಲಿಲ್ಲ. ಆಗ ನಮ್ಮ ಸೀಮೆಯನ್ನು ಹೈದರಾಬಾದಿನ ನಿಜಾಮ ಆಳುತ್ತಿದ್ದ. ರಜಾಕಾರರೆಂಬ ಬಂದೂಕಿನವರು ಹಳ್ಳಿಗಳಿಗೆ ನುಗ್ಗಿ ಸುಲಿಯುತ್ತಿದ್ದರು. ಅವರಿಗೆ ಹೆದರಿ, ಒಲೆಯ ಮೇಲಿನ ಬೇಳೆಯನ್ನು ಅರ್ಧಕ್ಕೇ ಬಿಟ್ಟು, ಬೇಸಿಗೆಯಲ್ಲೇ ಗಡಿ ದಾಟಿ ಅವ್ವನ ತವರಿಗೆ ಓಡಿದ್ದೆವು. ಮಳೆಗಾಲದ ಕೊನೆಗೆ ಭಾರತದ ಸೈನ್ಯ ಬಂತು. ಅದನ್ನೇ ಪೊಲೀಸ್ ಆ್ಯಕ್ಷನ್ ಎನ್ನುತ್ತಾರೆ. ರಜಾಕಾರರು ಚದುರಿದರು, ನಾವು ಬಂಡಿ ಕಟ್ಟಿಕೊಂಡು ಊರಿಗೆ ಹೊರಟೆವು. ಬಿದ್ದ ಮನೆಯ ಕಂಬ, ಕಲ್ಲು, ಜಾಗ ಎಲ್ಲವನ್ನೂ ಭಾಲ್ಕಿಯ ವ್ಯಾಪಾರಿಯೊಬ್ಬನಿಗೆ ಮಾರಿ ತವರೂರಲ್ಲೇ ನಿಲ್ಲೋಣವೆಂದು ಅಪ್ಪ ದಾರಿಯುದ್ದಕ್ಕೂ ಹೇಳುತ್ತಿದ್ದ.

ಓಣಿಗೆ ತಿರುಗಿದಾಗ ನಾನು ಬಂಡಿಯಲ್ಲೇ ಎದ್ದು ನಿಂತೆ. ಬಿದ್ದದ್ದು ನಮ್ಮ ಮನೆಯಲ್ಲ, ಎದುರು ಮನೆ. ಸುಟ್ಟು ಕರಿ ಗೋಡೆಗಳಷ್ಟೇ ಉಳಿದಿದ್ದವು. ಅದು ಖಾಲಾನ ಮನೆ. ಖಾಲಾ ಎಂದರೆ ಚಿಕ್ಕಮ್ಮ. ಅವಳ ನಿಜವಾದ ಹೆಸರು ನನಗೆ ಇವತ್ತಿಗೂ ಗೊತ್ತಿಲ್ಲ. ಅವಳ ಕೈಯ ಬಿಸಿ ರೊಟ್ಟಿ ತಿಂದೇ ನಾನೂ ಅಕ್ಕನೂ ಬೆಳೆದಿದ್ದೆವು. ರಜಾಕಾರರು ಮಾಡಿದ ಪಾಪಕ್ಕೆ, ಅವರು ಓಡಿಹೋದ ಮೇಲೆ, ಏನೂ ಮಾಡದ ಮುಸಲ್ಮಾನರ ಮನೆಗಳಿಗೆ ಬೆಂಕಿ ಬಿದ್ದಿತ್ತು. ನಮ್ಮ ಮನೆ ಮಾತ್ರ ಗಟ್ಟಿಮುಟ್ಟಾಗಿ ನಿಂತಿತ್ತು.

ಅಪ್ಪ ಏಣಿ ಹಾಕಿ ಮಾಳಿಗೆ ಹತ್ತಿದ. ಮೇಲೆ ಹೊಸ ಕರಲು, ಹದವಾಗಿ ತುಳಿದದ್ದು, ಒಂದು ಹುಲ್ಲುಗರಿಯೂ ಎದ್ದಿರಲಿಲ್ಲ. ಇದನ್ನು ಹಾಕಿದವರು ಯಾರೆಂದು ಅಪ್ಪನಿಗೆ ಬಗೆಹರಿಯಲಿಲ್ಲ. ಒಳಗೆ ಹೋದರೆ ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು, ಪಕ್ಕದಲ್ಲಿ ಕಚ್ಚಿ ಬಿಟ್ಟ ರೊಟ್ಟಿಯ ತುಂಡಿತ್ತು. ಆದರೆ ಮನುಷ್ಯರ ಸುಳಿವಿಲ್ಲ.

ಪಡಸಾಲೆಯ ನೆಲದಡಿ ನಮ್ಮ ಹಗೇವು ಇತ್ತು. ಹಗೇವು ಎಂದರೆ ಜೋಳ ತುಂಬಿಡುವ ಆಳದ ಗುಂಡಿ, ಬಾಯಿಗೊಂದು ಕಲ್ಲಿನ ಮುಚ್ಚಳ. ಬಿಟ್ಟುಹೋದ ಜೋಳ ಉಳಿದಿದೆಯೋ ನೋಡಲು ಅಕ್ಕ ಕಲ್ಲು ಸರಿಸಿದಳು, ಚಿಟ್ಟನೆ ಚೀರಿ ಹಿಂದಕ್ಕೆ ಬಿದ್ದಳು. ನಾನು ಬಗ್ಗಿ ನೋಡಿದೆ. ಕತ್ತಲಲ್ಲಿ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು.

“ಕೂಸಿಗಿ ಏನೂ ಮಾಡಬ್ಯಾಡ್ರಿ. ಮನಿ ಬಿಟ್ಟು ಹೋಗ್ತೇವ್ರಿ,” ಎಂದಿತು ಒಳಗಿನ ದನಿ.

ಅದು ಖಾಲಾ. ತನ್ನ ಮನೆ ಸುಟ್ಟ ಮೇಲೆ ನಮ್ಮ ಮನೆಯಲ್ಲೇ ಅಡಗಿದ್ದಳು. ನಮ್ಮ ಬಂಡಿಯ ಸಪ್ಪಳ ಕೇಳಿ, ಬೆಂಕಿ ಹಚ್ಚಿದವರೇ ಮತ್ತೆ ಬಂದರೆಂದು ಕೂಸಿನೊಂದಿಗೆ ಇಳಿದು ಮುಚ್ಚಳ ಎಳೆದುಕೊಂಡಿದ್ದಳು. ಹಗೇವಿನಲ್ಲಿ ಗಾಳಿ ಕೆಡುತ್ತದೆ. ಬಾಯಿ ತೆರೆದು ಎಷ್ಟೋ ಹೊತ್ತು ಬಿಟ್ಟ ಮೇಲೆಯೇ ದೊಡ್ಡವರು ಇಳಿಯುತ್ತಿದ್ದರು. ಅಪ್ಪ ತಾನು ಯಾರೆಂದು ಹೇಳಿ, ಬೇಗ ಮೇಲೆ ಬಾ ಎಂದು ಕರೆದ. ಅವಳು ಕದಲಲಿಲ್ಲ. ನಿಮ್ಮ ಹಿಂದೆ ಯಾರಿದ್ದಾರೆ ಎಂದು ಕೇಳಿದಳು. ಅವಳ ತೋಳಿನಲ್ಲಿ ಕೂಸಿನ ತಲೆ ಜೋಲುತ್ತಿತ್ತು.

ಆಗ ಅವ್ವ ನೆಲದ ಮೇಲೆ ಬೋರಲು ಮಲಗಿ ಎರಡೂ ಕೈ ಒಳಗೆ ಇಳಿಬಿಟ್ಟಳು. “ನೀ ಬರಬ್ಯಾಡವ್ವ. ಕೂಸಿನ ಅಷ್ಟ ನನ್ನ ಕೈಯಾಗ ಕೊಡು,” ಎಂದಳು.

ಆ ಕೂಸು ಹುಟ್ಟಿದ ದಿನ ಅದಕ್ಕೆ ನೀರೆರೆದವಳು ಅವ್ವನೇ. ಆದರೂ ಖಾಲಾ ಆ ಕೈಗಳನ್ನು ನೋಡುತ್ತಾ ಸುಮ್ಮನೆ ನಿಂತಳು. ನನಗೆ ದಿಗಿಲಾಯಿತು. ಅಲ್ಲಿಯತನಕ ಹೆದರುವವರು ನಾವು ಎಂದಷ್ಟೇ ತಿಳಿದಿದ್ದೆ. ನಮ್ಮನ್ನು ಕಂಡೂ ಒಬ್ಬರು ಹೀಗೆ ಹೆದರಬಹುದು, ಅದೂ ಖಾಲಾ ಹೆದರಬಹುದು ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಕೊನೆಗೆ ಕೊಟ್ಟಳು. ಅವ್ವ ಕೂಸನ್ನು ಅಂಗಳಕ್ಕೆ ಒಯ್ದು ಸೆರಗಿನಿಂದ ಗಾಳಿ ಬೀಸಿದಳು, ಮುಖಕ್ಕೆ ನೀರು ಚಿಮುಕಿಸಿದಳು, ಬೆನ್ನು ತಿಕ್ಕಿದಳು. ಕೂಸು ಉಸಿರೆಳೆದು ಅತ್ತಿತು. ಅಷ್ಟು ಸಿಹಿಯಾದ ಅಳು ನಾನು ಮತ್ತೆಂದೂ ಕೇಳಿಲ್ಲ. ಅಪ್ಪ ಕೈಹಿಡಿದು ಮೇಲೆತ್ತಿದ ಖಾಲಾ ಅವ್ವನ ಹೆಗಲಿಗೆ ಒರಗಿ ಕೂತಳು.

ಮಾಳಿಗೆಗೆ ಕರಲು ಹಾಕಿದವನು ಖಾಲಾನ ಗಂಡ. ಎದುರು ಮನೆಯವರು ತಿರುಗಿ ಬಂದಾಗ ನಿಲ್ಲಲು ನೆರಳಿರಬೇಕು ಎಂದು ತಮ್ಮ ಮಾಳಿಗೆಗಿಂತ ಮೊದಲು ನಮ್ಮದನ್ನು ತುಳಿದಿದ್ದನಂತೆ. ಬೆಂಕಿ ಬಿದ್ದ ದಿನ ಮನೆಯಿಂದ ಹೊರಗೆ ಹೋದವನು ಮರಳಿರಲಿಲ್ಲ. ಆಮೇಲೂ ಮರಳಲಿಲ್ಲ. ಇದನ್ನು ಕೇಳಿ ಅಪ್ಪ ಕಟ್ಟೆಯ ಮೇಲೆ ಕೂತು ಬಿಕ್ಕಿಬಿಕ್ಕಿ ಅತ್ತ. ಅತ್ತು ಎದ್ದವನೇ, “ಈ ಮನಿ ಮಾರಂಗಿಲ್ಲ,” ಎಂದ. ಪಡಸಾಲೆಯ ಒಂದು ಬದಿಗೆ ಖಾಲಾನ ಒಲೆ ಬಂತು. ಅವಳು ಬದುಕಿರುವತನಕ ಅದು ಅಲ್ಲೇ ಉರಿಯಿತು.

ಈಗ ಬೀದರಿನ ಮೈಲೂರಿನಲ್ಲಿ ನಿಮ್ಮದು ಸಿಮೆಂಟಿನ ಮನೆ. ಯಾರೂ ಮಾಳಿಗೆ ತುಳಿಯಬೇಕಿಲ್ಲ, ನನ್ನ ಮೊಣಕಾಲಿಗೂ ಅದೇ ಲೇಸು. ಬಾಗಿಲಿಗೆ ಒಂದು ಗಾಜಿನ ಕಿಂಡಿ ಬೇರೆ ಇದೆ. ಗಂಟೆ ಬಾರಿಸಿದರೆ ನೀವು ಅದಕ್ಕೆ ಕಣ್ಣಿಟ್ಟು ನೋಡಿ ಆಮೇಲೆ ಚಿಲಕ ತೆಗೆಯುತ್ತೀರಿ. ತಪ್ಪೆನ್ನುವುದಿಲ್ಲ, ಜಾಣತನವೇ. ಆದರೆ ಹೊರಗೆ ನಿಂತ ನನಗೆ, ಒಳಗೊಂದು ಕಣ್ಣು ನಾನು ಯಾರೆಂದು ನೋಡುತ್ತಿದೆ ಅನ್ನಿಸಿದ ಕೂಡಲೇ ಹಗೇವಿನ ಆ ಎರಡು ಕಣ್ಣು ನೆನಪಾಗುತ್ತವೆ. ಅದಕ್ಕೇ ಗಂಟೆ ಒತ್ತುವ ಮೊದಲೇ “ನಾ ಬಂದೀನಿ, ನಿಮ್ಮ ಅಜ್ಜಿ,” ಎಂದು ಕೂಗುತ್ತೇನೆ. ಇಡೀ ಬಿಲ್ಡಿಂಗಿಗೆ ಕೇಳಿಸುತ್ತದೆ ಎಂದು ನೀವು ನಗುತ್ತೀರಿ. ಕೇಳಿಸಲಿ ಬಿಡಿ. ನನ್ನ ಹೆಜ್ಜೆಯ ಸಪ್ಪಳಕ್ಕೆ ಯಾರೂ ಹೆದರಬಾರದು.