ಪೂಜೆಗಿಟ್ಟ ತೂಕಗಳು

ಬನಶಂಕರಿಯ ಹತ್ತಿರದ ತಾಂತ್ರಿಕ ವಿಶ್ವವಿದ್ಯಾಲಯದ ಮಣ್ಣಿನ ಪ್ರಯೋಗಾಲಯದಲ್ಲಿ ನನ್ನ ಪಿಎಚ್.ಡಿ.ಯ ಕೊನೆಯ ಪ್ರಯೋಗ ನಡೆಯುತ್ತಿತ್ತು. ಅದು ಮುಗಿದರೆ ಪ್ರಬಂಧ ಒಪ್ಪಿಸಬಹುದಿತ್ತು. ಬಿಟಿಎಂ ಲೇಔಟಿನಲ್ಲಿ ಹಿಂದೆ ಕೆರೆಯಿದ್ದ ಕಡೆ ಅಪಾರ್ಟ್‌ಮೆಂಟಿಗೆ ಪಾಯ ತೋಡಿದಾಗ ತಂದ ಜೇಡಿಮಣ್ಣಿನ ಮೇಲೆ ಆ ಪ್ರಯೋಗ. ಅಚ್ಚಿನಂಥ ದಪ್ಪ ಹಿತ್ತಾಳೆಯ ಬಳೆಯೊಳಗೆ ಆ ಮಣ್ಣನ್ನು ಕೂರಿಸಿ, ಮೇಲೆ ಭಾರ ಬೀಳುವಂತೆ ಕಬ್ಬಿಣದ ತೂಕಗಳನ್ನು ನೇತುಹಾಕಿದ್ದೆ. ಮಣ್ಣು ತಿಂಗಳುಗಟ್ಟಲೆ ಕೂದಲೆಳೆಯಷ್ಟು ಕುಸಿಯುತ್ತಾ ಹೋಗುತ್ತದೆ. ಗಡಿಯಾರದಂಥ ಮಾಪಕದ ಮುಳ್ಳು ಅದನ್ನು ತೋರಿಸುತ್ತದೆ. ನಡುವೆ ಯಾರೂ ಮುಟ್ಟುವಂತಿಲ್ಲ. ಆ ಗುಂಡಿಗೆ ಆಗಲೇ ಕಾಂಕ್ರೀಟ್ ಬಿದ್ದಿತ್ತು, ಅಲ್ಲಿಂದ ಮತ್ತೆ ಮಣ್ಣು ಸಿಗುವಂತಿರಲಿಲ್ಲ.

ಆಯುಧಪೂಜೆಯ ರಜೆ ಮುಗಿಸಿ ಬಂದಾಗ ಮುಳ್ಳು ಇರಬೇಕಾದ ಕಡೆ ಇರಲಿಲ್ಲ. ತೂಕಗಳು ಫಳಫಳ ಹೊಳೆಯುತ್ತಿದ್ದವು, ಒಂದೊಂದಕ್ಕೂ ಕುಂಕುಮ.

"ತುಕ್ಕು ಹಿಡಿದಿತ್ತು ಮೇಡಂ, ಉಜ್ಜಿ ತೊಳ್ದೆ," ಎಂದರು ಅಟೆಂಡರ್. "ಎಲ್ಲಾ ಮಿಷಿನ್‌ಗೂ ಪೂಜೆ ಮಾಡಿ ನಿಮ್ದೊಂದು ಬಿಟ್ರೆ ನೀವೇ ಬೇಜಾರ್ ಮಾಡ್ಕೊಳ್ತಿದ್ರಿ. ವಾಪಸ್ ಹಂಗೇ ತಗಲಾಕಿದೀನಿ ನೋಡಿ."

"ಮುಟ್ಬೇಡಿ ಅಂತ ಹೇಳಿದ್ನಲ್ಲ?"

"ನೀವಾ? ಯಾವಾಗ ಮೇಡಂ?"

ಪೂಜೆಯ ಹಿಂದಿನ ದಿನ ಹೇಳಿದ್ದೆ ಎಂದು ನನ್ನ ನೆನಪು. ಬಾಗಿಲಲ್ಲಿ ನಿಂತು ಆಡಿದ ಮಾತು ಕಿವಿಯಲ್ಲೇ ಇದೆ. ಆದರೆ ಹೇಳಬೇಕು ಅಂದುಕೊಂಡದ್ದೇ ಹೇಳಿದ ಹಾಗೆ ಉಳಿದುಬಿಟ್ಟಿರಬಹುದು. ರಜೆಗೆ ಮೊದಲು ವರಾಂಡದಲ್ಲಿ ನಡೆದ ಪೂಜೆಗೆ ನಾನೂ ಇದ್ದೆ. ಕಡ್ಲೆಪುರಿ ತಿನ್ನುತ್ತಾ, ದೇವರ ಪಟದ ಮುಂದೆ ರಾಶಿ ಹಾಕಿದ್ದ ಸಾಮಾನುಗಳನ್ನು ನೋಡಿದ್ದೆ. ಅದರಲ್ಲಿ ನನ್ನ ತೂಕಗಳಿದ್ದವೆ? ಈಗ ನೆನೆಸಿಕೊಂಡರೆ ಪ್ರತಿ ಸಲವೂ ಇವೆ.

ಗೈಡ್ ಬಂದು ಮುಳ್ಳು ನೋಡಿ ಕನ್ನಡಕ ತೆಗೆದರು. "ಅವ್ನನ್ನ ಬೈದು ಏನ್ ಬಂತಮ್ಮ, ದೇವ್ರ ಕೆಲಸ ಅಂತಾನೆ. ಎಷ್ಟ್ ಹೊತ್ತು ತೂಕ ಇರ್ಲಿಲ್ಲ ಅಂತ ಗೊತ್ತಾದ್ರೆ ಏನಾದ್ರೂ ಮಾಡ್ಬಹುದು."

ಅಟೆಂಡರನ್ನು ಕೇಳಿದೆ. "ಮಂಗಳಾರತಿ ಆಗೋವರ್ಗೂ," ಎಂದರು. ಸ್ವಲ್ಪ ಯೋಚಿಸಿ, "ಇಲ್ಲ, ಕುಂಬಳಕಾಯಿ ಒಡೆದು ಊಟಕ್ಕೆ ಹೋಗ್ಬಿಟ್ಟೆ, ಬಂದ್ಮೇಲೆ ಹಾಕಿದ್ದು," ಎಂದರು. ಆಮೇಲೆ, "ನೀವೂ ಇದ್ರಲ್ಲ ಮೇಡಂ, ನಿಮ್ಗೇ ಗೊತ್ತಿರ್ಬೇಕು."

ಗೊತ್ತಿರಲಿಲ್ಲ. ಭಾರ ಇಳಿದಾಗ ಉಬ್ಬಿದ ಮಣ್ಣು, ಮತ್ತೆ ಭಾರ ಹೇರಿದರೂ ಮೊದಲಿನ ಮಣ್ಣಾಗುವುದಿಲ್ಲ. ತೂಕ ಇಲ್ಲದ ಹೊತ್ತು ಇಷ್ಟು ಎಂದು ಅಂದಾಜಿನಲ್ಲಿ ಬರೆದು ಗ್ರಾಫಿನ ಗೆರೆ ಮುಂದುವರಿಸಬಹುದಿತ್ತು. ಬರೆಯಲು ಕೂತೆ, ಆಗಲಿಲ್ಲ. ಅದು ಪ್ರಾಮಾಣಿಕತೆಯೋ ಬರಿಯ ದಣಿವೋ ಇವತ್ತಿಗೂ ಹೇಳಲಾರೆ. ತೂಕಗಳನ್ನು ಕಳಚಿದೆ, ಬಳೆಯಿಂದ ಮಣ್ಣನ್ನು ಹೆಬ್ಬೆರಳಲ್ಲಿ ನೂಕಿ ತೆಗೆದೆ, ಇನ್ನಾರು ತಿಂಗಳು ಅವಧಿ ಕೇಳಿ ಅರ್ಜಿ ಕೊಟ್ಟೆ. ಮರುದಿನದಿಂದ ತಿಲಕ್ ನಗರದ ಮನೆಗೆ ಹೋಗುವಾಗ, ಹಳೆಯ ಕೆರೆ ಬಯಲಿನಲ್ಲಿ ಎಲ್ಲಾದರೂ ಹೊಸದಾಗಿ ಪಾಯ ತೋಡುತ್ತಿದ್ದಾರೆಯೇ ಎಂದು ಬಸ್ಸಿನ ಕಿಟಕಿಯಿಂದ ನೋಡತೊಡಗಿದೆ.