ಕೊಸರಿನ ಹಾಡು

ಕ್ಯಾಸೆಟ್ ಅಂಗಡಿಯ ಅಣ್ಣನ ಬಲಗೈ ಕಿರುಬೆರಳಿನ ತುದಿಯಲ್ಲಿ ಸುತ್ತಲೂ ಸಣ್ಣ ಸಣ್ಣ ಗೀರುಗಳಿದ್ದವು. ಸಡಿಲವಾದ ಕ್ಯಾಸೆಟ್ಟನ್ನು ಊರವರೆಲ್ಲ ಪೆನ್ಸಿಲ್ ತೂರಿಸಿ ಸುತ್ತಿದರೆ ಅವರು ಅದರ ಹಲ್ಲಿನ ತೂತಿಗೆ ಕಿರುಬೆರಳು ತೂರಿಸಿ ಸುತ್ತುತ್ತಿದ್ದರು. ಸುತ್ತಿ ಸುತ್ತಿ ಆ ಜಾಗ ಜಡ್ಡುಗಟ್ಟಿತ್ತು. ಕ್ಯಾಸೆಟ್ಟಿನ ಕಾಲ ಮುಗಿದ ಮೇಲೂ ಬೆರಳು ಮೊದಲಿನಂತಾಗಲಿಲ್ಲ. ಒಂದು ಪೆನ್ಸಿಲ್ ತಂದುಕೊಳ್ಳಬಾರದೇ ಎಂದು ನಾನು ರೇಗಿಸಿದರೆ, "ಟೇಪು ಎಲ್ಲಿ ಬಿಗೀತೈತೆ ಅಂತ ಪೆನ್ಸಿಲ್‌ಗೆ ಗೊತ್ತಾಗಲ್ಲ ತಂಗೀ" ಎನ್ನುತ್ತಿದ್ದರು.

ಮುಳಬಾಗಿಲು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನನ್ನ ಟೈಲರಿಂಗ್ ಅಂಗಡಿಗೂ ಅವರ ಕ್ಯಾಸೆಟ್ ಅಂಗಡಿಗೂ ನಡುವೆ ಇದ್ದದ್ದು ಒಂದು ತೆಳ್ಳನೆಯ ಗೋಡೆ. ನಾನು ಮಾಲೂರಿನ ಕಡೆಯ ಲಕ್ಕೂರಿನವಳು. ಮದುವೆಯಾಗಿ ಮುಳಬಾಗಿಲಿಗೆ ಬಂದೆ. ಗಂಡನಿಗೆ ಕೆಲಸ ಸಿಕ್ಕಿದ್ದು ಮಾತ್ರ ನಾನು ಬಿಟ್ಟು ಬಂದ ಮಾಲೂರಿನ ಕಾರ್ಖಾನೆಯಲ್ಲಿ. ಗಂಡ ಅಲ್ಲೇ ಒಂದು ರೂಮು ಮಾಡಿಕೊಂಡು ಭಾನುವಾರ ಮುಖ ತೋರಿಸಿ ಹೋಗುತ್ತಿದ್ದರು. ಹಣೆಬರಹ ಬರೆಯುವವನಿಗೂ ಒಮ್ಮೊಮ್ಮೆ ತಮಾಷೆ ಬೇಕೆನಿಸುತ್ತದೆ. ಉಳಿದ ದಿನಗಳಲ್ಲಿ ನನಗಿದ್ದ ಜೊತೆ ಹೊಲಿಗೆ ಮಿಷನ್ನು, ಮತ್ತು ಆ ಗೋಡೆಯಾಚೆಯಿಂದ ಬರುತ್ತಿದ್ದ ಸದ್ದು.

ಸದ್ದು ಎಂದೇ ಹೇಳಬೇಕು, ಏಕೆಂದರೆ ಮೊದಮೊದಲು ಅದು ನನಗೆ ಹಾಡಾಗಿ ಕೇಳಲಿಲ್ಲ. ಹಗಲೆಲ್ಲ ಕನ್ನಡ, ತೆಲುಗು ಸಿನಿಮಾ ಹಾಡುಗಳು. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಅವರ ಸ್ವಂತ ಇಷ್ಟದ್ದು ಶುರುವಾಗುತ್ತಿತ್ತು. ಜಾಝ್ ಫ್ಯೂಷನ್ ಎಂಬ ಹೆಸರನ್ನು ನಾನು ಕೇಳಿದ್ದು ಅವರ ಬಾಯಲ್ಲೇ. ಚಿನ್ನದ ಗಣಿಯ ಕಾಲೋನಿಯಿಂದ ಊರು ಬಿಟ್ಟು ಹೋಗುತ್ತಿದ್ದ ಒಂದು ಮನೆಯವರು ಬೇಡವೆಂದು ಕೊಟ್ಟ ಒಂದು ಪೆಟ್ಟಿಗೆ ರೆಕಾರ್ಡುಗಳಿಂದ ಅವರಿಗೆ ಈ ಹುಚ್ಚು ಹಿಡಿದಿತ್ತು. ಆಮೇಲೆ ಎಲ್ಲೆಲ್ಲಿಂದಲೋ ತರಿಸಿ ಸೇರಿಸಿದರು. ಒಂದರಲ್ಲಿ ಸ್ಯಾಕ್ಸೋಫೋನಿನ ಜೊತೆ ಘಟ. ಇನ್ನೊಂದರಲ್ಲಿ ಹಲಗೆಗೆ ಕಬ್ಬಿಣದ ಕಡ್ಡಿ ಬಡಿದು ಹೆಬ್ಬೆರಳಲ್ಲಿ ಮೀಟುವ ಆಫ್ರಿಕಾದ ವಾದ್ಯ. ಗೆದ್ದಲು ತಿಂದು ಟೊಳ್ಳಾದ ಮರವನ್ನೇ ಕೊಂಬಿನ ಹಾಗೆ ಊದುವವರೂ ಇದ್ದರು. ಅಣ್ಣನಿಗೆ ಎಲ್ಲಕ್ಕಿಂತ ಇಷ್ಟವಾದ ಆಲ್ಬಮ್‌ನಲ್ಲಿ ನಮ್ಮ ಕಡೆಯ ವಾಲಗವೇ ಬಂದು, ಸ್ಯಾಕ್ಸೋಫೋನು ಅದನ್ನು ದೂರದಿಂದ ಹಿಂಬಾಲಿಸುತ್ತಿತ್ತು.

ಒಂದು ದಿನ ನಾನು ಎದ್ದು ಹೋಗಿ ಜಗಳಕ್ಕೇ ನಿಂತೆ. "ಅಣ್ಣಾ, ನಿಮ್ಮ ಹಾಡಿಗೆ ಮಿಷನ್ ತುಳಿಯೋ ನನ್ನ ಕಾಲು ತಪ್ತಾ ಐತೆ. ಒಂದು ಹೆಜ್ಜೆ ಕಮ್ಮಿ ಇಟ್ಟಂಗೆ ಆಗ್ತದೆ. ಎರಡು ರವಿಕೆ ತೋಳು ಸೊಟ್ಟ ಹೋದ್ವು."

ಬೈಸಿಕೊಂಡ ಮನುಷ್ಯ ಹಿಗ್ಗಿ ಹೀರೇಕಾಯಿಯಾದರು. "ಏಮ್ಮಾ, ಗೊತ್ತಾಯ್ತಾ ನಿಂಗೆ? ಅದ್ರ ತಾಳ ಎಂಟಲ್ಲ, ಏಳೇ ಏಟು. ಇಷ್ಟು ವರ್ಷದಲ್ಲಿ ಈ ಬೀದೀಲಿ ಯಾರೂ ಹೇಳಿರ್ಲಿಲ್ಲ!" ಎಂದು ಚಹಾ ತರಿಸಿದರು. ಅವತ್ತಿನಿಂದ ಸ್ಪೀಕರನ್ನು ನನ್ನ ಗೋಡೆಯ ಕಡೆಗೆ ತಿರುಗಿಸಿಟ್ಟರು. ಹಾಡು ಮುಗಿದ ಮೇಲೆ ಬೆರಳಿನ ಗಿಣ್ಣಿನಿಂದ ಗೋಡೆಗೆ ಒಂದು ಸಲ ಬಡಿಯುವರು; ಕೇಳಿದೆಯಾ ಎಂದು ಅರ್ಥ. ನಾನು ಕತ್ತರಿಯ ಹಿಡಿಯಿಂದ ಎರಡು ಸಲ ಬಡಿಯುತ್ತಿದ್ದೆ, ಕೇಳಿದೆ ಎಂದು. ಎಷ್ಟೋ ದಿನ ನಾನು ಇನ್ನೊಬ್ಬರೊಂದಿಗೆ ಆಡಿದ ಮಾತು ಅಷ್ಟೇ ಇರುತ್ತಿತ್ತು.

ಇಷ್ಟೊಂದು ಬೇರೆ ಬೇರೆ ವಾದ್ಯಗಳು ಕಚ್ಚಾಡುವುದಿಲ್ಲವೇ ಎಂದು ಕೇಳಿದ್ದೆ. ಅವರು ನಕ್ಕರು. "ಆಂಧ್ರ ಗಡಿ ಹತ್ರ ನಂಗಲಿ ಚಾ ಅಂಗಡೀಲಿ ಕೂತು ನೋಡು ತಂಗೀ. ಕನ್ನಡದಾಗೆ ಶುರು ಮಾಡಿ ತೆಲುಗಲ್ಲಿ ಮುಗಿಸ್ತೀವಿ, ಮಧ್ಯದಾಗೆ ಉರ್ದೂಲಿ ಬೈತೀವಿ. ಯಾರಿಗಾನ ತಪ್ಪು ಅನ್ಸುತ್ತಾ? ಇವ್ರು ವಾದ್ಯದಲ್ಲಿ ಹಂಗೆ ಮಾಡ್ತಾರೆ, ಅಷ್ಟೇ."

ನಮ್ಮ ಕಡೆ ತರಕಾರಿ ತೂಗಿದ ಮೇಲೆ ಕೊಸರೆಂದು ಮೇಲೊಂದು ಹಿಡಿ ಹಾಕದವನನ್ನು ಯಾರೂ ವ್ಯಾಪಾರಿ ಎನ್ನುವುದಿಲ್ಲ. ಕೊಸರು ಎಂದರೆ ಕನ್ನಡಕ್ಕೂ ತೆಲುಗಿಗೂ ಒಂದೇ ಅರ್ಥ. ಅವರೂ ಕೊಸರು ಹಾಕುತ್ತಿದ್ದರು. ಗಿರಾಕಿ ರೆಕಾರ್ಡ್ ಮಾಡಿಸಿಕೊಂಡ ಹಾಡುಗಳೆಲ್ಲ ಮುಗಿದು ಕ್ಯಾಸೆಟ್ಟಿನ ಕೊನೆಯಲ್ಲಿ ಒಂದಿಷ್ಟು ಟೇಪು ಮಿಕ್ಕಿದರೆ ಅಲ್ಲಿಗೆ ತಮ್ಮ ಜಾಝನ್ನು ತುಂಬಿಸಿ ಕಳಿಸುವರು. ಟೇಪು ಮುಗಿದಲ್ಲಿಗೆ ಹಾಡು ಅರ್ಧದಲ್ಲೇ ಕತ್ತರಿಸಿ ಹೋಗುತ್ತಿತ್ತು.

ಈ ಧಾರಾಳಕ್ಕೆ ಸಿಕ್ಕ ಬಹುಮಾನವನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಗೌನಿಪಲ್ಲಿಯ ಮಾವಿನ ತೋಟದ ಯಜಮಾನರೊಬ್ಬರು ಮನೆಯ ಪೂಜೆಗೆಂದು ಭಕ್ತಿಗೀತೆ ಹಾಕಿಸಿಕೊಂಡು ಹೋಗಿದ್ದರು. ಮಂಗಳಾರತಿ ಎತ್ತುವ ಹೊತ್ತಿಗೆ ಸರಿಯಾಗಿ ಭಕ್ತಿ ಮುಗಿದು ಆ ಗೆದ್ದಲುಮರದ ಕೊಂಬು ಶುರುವಾಗಿದೆ. ಮರುದಿನ ಯಜಮಾನರು ಅಂಗಡಿಯ ಮುಂದೆ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದರು: "ಏನ್ಲಾ, ದೇವ್ರ ಮುಂದೆ ಎಮ್ಮೆ ಕೂಗಿಸ್ತೀಯೇನ್ಲಾ? ಅರ್ಚಕ್ರು ಆರತಿ ತಟ್ಟೇನೇ ಕೈಬಿಟ್ರು!"

ಇವರು ಕೈಮುಗಿದರು. ಬೇರೆ ಕ್ಯಾಸೆಟ್ ಕೊಡುತ್ತೇನೆ ಎಂದರು. ಅಲ್ಲಿಗೆ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. "ತಪ್ಪಾಯ್ತು ಯಜಮಾನ್ರೇ. ಆದ್ರೆ... ಪೂರ್ತಿ ಕೇಳಿದ್ರಾ?" ಎಂದುಬಿಟ್ಟರು. ಯಜಮಾನರು ಕೊಡೆ ಎತ್ತಿಕೊಂಡು ಹೊಡೆಯಲಿಕ್ಕೇ ಬಂದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಅವರು ನಗಲಿಲ್ಲ.

ಆ ಪ್ರಶ್ನೆ ಅವರು ಎಲ್ಲರಿಗೂ ಕೇಳುತ್ತಿದ್ದದ್ದೇ. ದೂರು ಕೊಡಲು ಬಂದವರೆಲ್ಲ "ಕೊನೇಲಿ ಅದೇನೋ ದೆವ್ವದ ಸಂಗೀತ" ಎನ್ನುವರು, ಇವರು ಆಸೆಯಿಂದ "ಪೂರ್ತಿ ಕೇಳಿದ್ರಾ?" ಎನ್ನುವರು. ಮುಂದೆ ಕ್ಯಾಸೆಟ್ಟು ಹೋಗಿ ಮೆಮೊರಿ ಕಾರ್ಡು, ಪೆನ್ ಡ್ರೈವು ಬಂದವು. ಹೆದ್ದಾರಿಯ ಲಾರಿ ಡ್ರೈವರುಗಳು ಹಾಡು ಹಾಕಿಸಿಕೊಳ್ಳಲು ಬರುತ್ತಿದ್ದರು. ಅವರ ಕಾರ್ಡಿನ ಕೊನೆಗೂ ಇವರ ಕೊಸರು ತಪ್ಪಲಿಲ್ಲ, ಅದೂ ಅರ್ಧವೇ.

"ಈಗ ಜಾಗಕ್ಕೇನು ಬರವೇನಣ್ಣಾ? ಪೂರ್ತಿ ಹಾಕಬಾರ್ದಾ?" ಎಂದೆ.

"ಪೂರ್ತಿ ಕೊಟ್ರೆ ಯಾಕೆ ವಾಪಸ್ ಬರ್ತಾರೆ? ಮಿಕ್ಕಿದ್ದು ಕೊಡು ಅಂತ ಒಬ್ಬನಾನ ಹುಡುಕ್ಕೊಂಡು ಬರಬೇಕು ಕಣಮ್ಮಾ. ಅದಕ್ಕೇ ಕಾಯ್ತಾ ಇದೀನಿ."

ಇಷ್ಟು ವರ್ಷ ನಾನು ಕೇಳಿದ್ದು ಲೆಕ್ಕಕ್ಕೇ ಇಲ್ಲವೇ ಎಂದು ನನಗೆ ಚುರುಕ್ ಎಂದಿತು. "ನಾನಿಲ್ವೇನಣ್ಣಾ ಕೇಳೋಕೆ?" ಎಂದೆ.

"ನಿಂಗೆ ಗೋಡೆ ಬಿಡಲ್ವಲ್ಲ ತಂಗೀ, ಅದಕ್ಕೆ ಕೇಳ್ತೀಯ" ಎಂದರು. ನೋಯಿಸಬೇಕೆಂದು ಹೇಳಿದ ಮಾತಲ್ಲ. ಆದರೂ ಅವತ್ತು ಗೋಡೆಯಲ್ಲಿ ಬಡಿತ ಕೇಳಿದಾಗ ನಾನು ಕತ್ತರಿ ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ಬಡಿದರು. ಆ ಎರಡನೆಯದು ಎಷ್ಟು ಮೆಲ್ಲಗಿತ್ತೆಂದರೆ ನನ್ನ ಸಿಟ್ಟು ಅಲ್ಲೇ ಕರಗಿಹೋಯಿತು. ಬಡಿದೆ, ಎರಡಲ್ಲ, ನಾಲ್ಕು ಸಲ.

ಅವರಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೊಬೈಲಿನಲ್ಲೇ ಹಾಡು ಸಿಗುವ ಹಾಗಾದ ಮೇಲೆ ಅಂಗಡಿಯಲ್ಲಿ ಫೋನಿನ ಕವರುಗಳನ್ನು ತೂಗಿಹಾಕಿದರು. ಹಾಡು ಕೇಳಿಕೊಂಡು ಯಾರೂ ಬರದಿದ್ದರೂ ಮಧ್ಯಾಹ್ನದ ಜಾಝ್ ನಿಲ್ಲಲಿಲ್ಲ. ವಾಲಗ ಮತ್ತು ಸ್ಯಾಕ್ಸೋಫೋನಿನ ಆ ಹಾಡು ಗೋಡೆಯಾಚೆ ಶುರುವಾದರೆ ನಾನು ಮಿಷನ್ ನಿಲ್ಲಿಸದೆಯೇ ಏಳರ ಲೆಕ್ಕಕ್ಕೆ ತುಳಿಯುತ್ತಿದ್ದೆ. ತೋಳು ಸೊಟ್ಟ ಹೋಗುತ್ತಿರಲಿಲ್ಲ.

ಎದೆನೋವೆಂದು ಅವರನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ದ ದಿನ, ಆಟೋ ಹತ್ತುವ ಮೊದಲು ನನ್ನ ಅಂಗಡಿಯ ಮೆಟ್ಟಿಲಿಗೆ ಬಂದು ಒಂದು ಪೆನ್ ಡ್ರೈವ್ ಕೈಗಿಟ್ಟರು. "ಇದ್ರಲ್ಲಿ ಎಲ್ಲಾ ಪೂರ್ತಿ ಐತೆ. ಯಾರಾನ ಕೇಳ್ಕೊಂಡು ಬಂದ್ರೆ ಕೊಡಮ್ಮಾ" ಎಂದರು.

"ನೀವೇ ಬಂದು ಕೊಡಿ. ನಂಗೇನು ಬೇರೆ ಕೆಲ್ಸ ಇಲ್ವಾ?" ಎಂದು ಗದರಿಸಿದೆ.

"ಬರ್ತೀನಿ ಕಣೇ" ಎಂದರು. ಬರಲಿಲ್ಲ. ಪುಂಗನೂರಿನಿಂದ ಅವರ ಅಕ್ಕನ ಮಗ ಬಂದು ಕಾರ್ಯ ಮುಗಿಸಿದ. ಕ್ಯಾಸೆಟ್ಟು, ರೆಕಾರ್ಡುಗಳೆಲ್ಲ ಗುಜರಿ ಗಾಡಿ ಹತ್ತಿದವು. ಅಂಗಡಿಯಲ್ಲಿ ಈಗ ಚುರುಕಾದ ಹುಡುಗನೊಬ್ಬ ಕೋಳಿಮೊಟ್ಟೆಯ ವ್ಯಾಪಾರ ಮಾಡುತ್ತಾನೆ. ಮೊಟ್ಟೆಗಳು ಸದ್ದು ಮಾಡುವುದಿಲ್ಲ. ಆ ಗೋಡೆಯ ಪಕ್ಕ ಕೂತು ಹೊಲಿಯುವುದು ನನಗೆ ಬಹಳ ಕಷ್ಟವಾಯಿತು. ಅಳು ಬಂದರೆ ಮಿಷನ್ ಜೋರಾಗಿ ತುಳಿಯುತ್ತಿದ್ದೆ.

ಕಳೆದ ಮಾವಿನ ಸುಗ್ಗಿಯಲ್ಲಿ ಒಂದು ಮಧ್ಯಾಹ್ನ, ಶ್ರೀನಿವಾಸಪುರದ ಮಂಡಿಯಿಂದ ಹಣ್ಣು ತುಂಬಿಕೊಂಡು ಹೊರಟಿದ್ದ ಲಾರಿ ಡ್ರೈವರೊಬ್ಬ ಮೊಟ್ಟೆ ಅಂಗಡಿಯ ಮುಂದೆ ತಬ್ಬಿಬ್ಬಾಗಿ ನಿಂತಿದ್ದ. ಆಮೇಲೆ ನನ್ನ ಬಾಗಿಲಿಗೆ ಬಂದ.

"ಅಕ್ಕಾ, ಇಲ್ಲಿ ಪಾಟಲು ಹಾಕ್ಕೊಡೋ ಪೆದ್ದಾಯನ ಒಬ್ರು ಇದ್ರಲ್ಲ?" ಎಂದು ಹಾಡಿನಂಗಡಿಯ ಹಿರಿಯರನ್ನು ತೆಲುಗು ಬೆರೆಸಿ ಕೇಳಿದ.

"ಹೋಗ್ಬಿಟ್ರಪ್ಪಾ. ಏನಾಗ್ಬೇಕಿತ್ತು?"

ಅವನು ತಲೆ ಕೆರೆದುಕೊಂಡ. "ನನ್ ಕಾರ್ಡಲ್ಲಿ ಕೊನೇಲಿ ಒಂದು ಪಾಟ ಐತಕ್ಕಾ. ಮಾತೇ ಇಲ್ಲ. ವಾಲಗ ಊದ್ತಾ ಊದ್ತಾ ಇರ್ತಾರೆ, ಹಿಂದಿಂದ ಇನ್ನೊಂದೇನೋ ಊದ್ಕೊಂಡು ಬರ್ತದೆ. ಇನ್ನೇನು ಎರಡೂ ಸೇರ್ತವೆ ಅನ್ನಬೇಕಾದ್ರೆ ಕಟ್. ಎಷ್ಟು ವರ್ಷ ಆಯ್ತೋ, ಘಾಟು ಇಳಿಯೋವಾಗೆಲ್ಲ ಅದೇ ತಲೇಲಿ. ಮಿಕ್ಕಿದ್ದು ಸಿಗ್ತದಾ ಅಂತ ಬಂದೆ."

ಮಿಷನ್ ನಿಲ್ಲಿಸಿ ಎದ್ದೆ. ಗಿರಾಕಿಗಳು ಕೂರುವ ಸ್ಟೂಲು ತೋರಿಸಿದೆ. ಅಂಗಡಿಯ ಪುಟ್ಟ ಸ್ಪೀಕರಿಗೆ ಪೆನ್ ಡ್ರೈವ್ ಚುಚ್ಚಿ ಆ ಹಾಡು ಹಾಕಿದೆ. ಅವನು ತೊಡೆಯ ಮೇಲೆ ಕೈಯಿಟ್ಟುಕೊಂಡು ತಲೆ ತಗ್ಗಿಸಿ ಕೂತ. ಕತ್ತರಿಸಿ ಹೋಗುವ ಜಾಗ ಬಂದಾಗ ತಲೆ ಎತ್ತಿ ನನ್ನನ್ನು ನೋಡಿದ. ಹಾಡು ನಿಲ್ಲದೆ ಮುಂದಕ್ಕೆ ಹೋಯಿತು. ವಾಲಗವೂ ಸ್ಯಾಕ್ಸೋಫೋನೂ ಒಂದಾಗಿ ಬಹಳ ಹೊತ್ತು ಹೋಗಿ ನಿಂತವು.

"ಸೇರ್ತವೆ, ಅಲ್ವಾಕ್ಕಾ?" ಎಂದ.

"ಹೂಂ, ಸೇರ್ತವೆ" ಎಂದೆ. ಪೆನ್ ಡ್ರೈವನ್ನೇ ತೆಗೆದುಕೊಂಡು ಹೋಗು ಎಂದು ಕೊಟ್ಟುಬಿಟ್ಟೆ. ನನಗೆ ಅದೆಲ್ಲ ಬಾಯಿಪಾಠ.

ಅವನು ಹೋದ ಮೇಲೆ ಕತ್ತರಿ ಎತ್ತಿಕೊಂಡು ಗೋಡೆಗೆ ಎರಡು ಸಲ ಬಡಿದೆ. ಒಬ್ಬ ಬಂದಿದ್ದ ಅಣ್ಣಾ, ಪೂರ್ತಿ ಕೇಳಿದ.

"ಏನಕ್ಕಾ, ಮೊಟ್ಟೆ ಬೇಕಿತ್ತಾ?" ಎಂದು ಆಚೆಯಿಂದ ಹುಡುಗ ಕೂಗಿದ.

"ಏನಿಲ್ಲಪ್ಪಾ, ಕೈ ತಗುಲ್ತು" ಎಂದೆ.